ಹಮ್: ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್‌ನ ಗುಂಯ್ ಸದ್ದು

ಮನೆಯಲ್ಲಿ ಜೋಡಿಸಿದ ಆಂಪ್ಲಿಫೈಯರ್‌ಗೆ ಹಾಡು ಕೊಡುವ ಮೊದಲೇ ಸ್ಪೀಕರ್‌ನಿಂದ ಒಂದೇ ಸಮನೆ ಹೊರಡುವ ಗುಂಯ್ ಸದ್ದಿಗೆ ಹಮ್ ಎನ್ನುತ್ತಾರೆ. ಇದರ ಮೂಲ ಮನೆಯ ಎಸಿ ಕರೆಂಟು. ಅದರ ಆವರ್ತನ ಭಾರತದಲ್ಲಿ 50 ಹರ್ಟ್ಸ್, ಅಮೆರಿಕದಲ್ಲಿ 60. ಈ ಆವರ್ತನವೋ ಅದರ ದುಪ್ಪಟ್ಟೋ ಸಿಗ್ನಲ್ ದಾರಿಗೆ ನುಸುಳಿದರೆ ಆಂಪ್ಲಿಫೈಯರ್ ಅದನ್ನೂ ಹಾಡಿನಂತೆಯೇ ಹಿಗ್ಗಿಸುತ್ತದೆ. ಸ್ಪೀಕರ್ ವೈರು ಕಳಚಿದರೂ ಸದ್ದು ನಿಲ್ಲದಿದ್ದರೆ ಅದು ಹಮ್ ಅಲ್ಲ. ಟ್ರಾನ್ಸ್‌ಫಾರ್ಮರ್‌ನ ತಗಡುಗಳೇ ನಡುಗುತ್ತಿವೆ.

ಹಮ್ ಕೇಳಿದೊಡನೆ ಪವರ್ ಸಪ್ಲೈಗೆ ಇನ್ನೂ ದೊಡ್ಡ ಕೆಪಾಸಿಟರ್ ಹಾಕುವುದು ಹವ್ಯಾಸಿಗಳ ರೂಢಿ. ಬಹಳಷ್ಟು ಸಲ ಅದು ದಂಡದ ಖರ್ಚು. ಎಸಿಯನ್ನು ಡಿಸಿ ಮಾಡಲು ನಾಲ್ಕು ಡಯೋಡಿನ ಬ್ರಿಡ್ಜ್ ಇದ್ದಾಗ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬಿಕೊಳ್ಳುತ್ತದೆ. 4700 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಿಂದ 1 ಆಂಪಿಯರ್ ಎಳೆದರೆ ಸ್ಥೂಲ ಲೆಕ್ಕದಲ್ಲಿ 2 ವೋಲ್ಟ್ ಏರಿಳಿತ ಉಳಿಯುತ್ತದೆ, ನಿಜ. ಆದರೆ ಹಾಡಿಲ್ಲದಾಗ ಸಣ್ಣ ಆಂಪ್ಲಿಫೈಯರ್ ಐಸಿ ಎಳೆಯುವುದು ಸುಮಾರು 50 ಮಿಲಿಆಂಪಿಯರ್. ಆಗ ಏರಿಳಿತ 0.1 ವೋಲ್ಟ್, ಅದರಲ್ಲೂ ಹೆಚ್ಚಿನ ಪಾಲನ್ನು ಐಸಿಯೇ ತಡೆಯುತ್ತದೆ. ಸುಮ್ಮನಿರುವಾಗಲೂ ಜೋರಾಗಿ ಗುಂಯ್‌ಗುಟ್ಟುವ ಪೆಟ್ಟಿಗೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ವೈರಿಂಗನ್ನು. ಹಳೆಯ ರೇಡಿಯೋದಿಂದ ಕಿತ್ತು ತಂದ, ಒಳಗೆ ಒಣಗಿಹೋದ ಕೆಪಾಸಿಟರ್ ಇದ್ದರೆ ಮಾತು ಬೇರೆ.

ತಪ್ಪಿರುವ ಜಾಗ ಹಿಡಿಯಲು ಮೀಟರ್ ಕೂಡ ಬೇಡ. ವಾಲ್ಯೂಮನ್ನು ಸೊನ್ನೆಗೆ ತಂದಾಗ ಹಮ್ ಅಡಗಿದರೆ ದೋಷ ಅದಕ್ಕಿಂತ ಹಿಂದಿದೆ. ಇನ್‌ಪುಟ್ ಕೇಬಲ್ಲೋ ಪ್ರೀಆಂಪೋ ಇರಬೇಕು. ಅಡಗದಿದ್ದರೆ ಪವರ್ ಸಪ್ಲೈ, ಔಟ್‌ಪುಟ್ ಹಂತ, ಇಲ್ಲವೇ ಗ್ರೌಂಡ್ ವೈರು. ಕೇಬಲ್ ಕಿತ್ತು, ಇನ್‌ಪುಟ್‌ಗೆ ಎರಡು ತುದಿ ಶಾರ್ಟ್ ಮಾಡಿದ ಪ್ಲಗ್ ಹಾಕಿದಾಗ ಸದ್ದು ನಿಂತರೆ ಅದು ಹೊರಗಿನಿಂದ ಬರುತ್ತಿದೆ. ವಾಲ್ಯೂಮ್ ಕಂಟ್ರೋಲಿನ ಲೋಹದ ಮೈ ಮುಟ್ಟಿದಾಗ ಹಮ್ ಬದಲಾದರೆ ಆ ಮೈಗೆ ಗ್ರೌಂಡ್ ಕೊಟ್ಟಿಲ್ಲವೆಂದು ತಿಳಿಯಬಹುದು.

ಹೆಚ್ಚಿನವರು ಎಡವುವುದು ಗ್ರೌಂಡ್ ವೈರಿನಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 4440 ಅಥವಾ ಟಿಡಿಎ 2030 ಐಸಿಯ ಬೋರ್ಡು ತಂದು, ಕಪ್ಪು ವೈರುಗಳನ್ನೆಲ್ಲ ಅನುಕೂಲವಾದ ಕಡೆ ಬೆಸೆಯುತ್ತಾರೆ. ಡಯೋಡುಗಳಲ್ಲಿ ಕರೆಂಟು ಹರಿಯುವುದು ಎಸಿ ಅಲೆಯ ತುದಿಯಲ್ಲಿ ಮಾತ್ರ. ಸರಾಸರಿ 50 ಮಿಲಿಆಂಪಿಯರ್ ಇದ್ದರೂ ಆ ಕ್ಷಣದಲ್ಲಿ ಅದು ಅರ್ಧ ಆಂಪಿಯರ್ ಆಗಬಹುದು. ಒಂದು ಗೇಣು ತೆಳು ವೈರಿನ ರೋಧ ಸುಮಾರು 0.01 ಓಮ್. ಇನ್‌ಪುಟ್ ಗ್ರೌಂಡೂ ಅದೇ ತುಂಡು ವೈರನ್ನು ಹಂಚಿಕೊಂಡಿದ್ದರೆ 5 ಮಿಲಿವೋಲ್ಟ್ ಸಿಗ್ನಲ್‌ಗೆ ಸೇರಿತು. 30 ಪಟ್ಟು ಹಿಗ್ಗಿದ ಮೇಲೆ ಸ್ಪೀಕರ್‌ನಲ್ಲಿ 150 ಮಿಲಿವೋಲ್ಟ್. ಕೋಣೆಯ ಆಚೆ ತುದಿಗೂ ಜರ್ರೆನ್ನುವುದು ಕೇಳುತ್ತದೆ. ಬ್ರಿಡ್ಜಿನ ವೈರು ನೇರ ಕೆಪಾಸಿಟರ್‌ಗೆ ಬರಬೇಕು. ಸ್ಪೀಕರ್, ಬೋರ್ಡು, ಇನ್‌ಪುಟ್‌ಗಳ ಗ್ರೌಂಡುಗಳು ಅದರಾಚೆಯ ಒಂದೇ ಬಿಂದುವಿಗೆ ಬೇರೆಬೇರೆಯಾಗಿ ಸೇರಬೇಕು.

ಹಾಡು ಕೊಡುವ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಹಮ್ ಮಾಯವಾದರೆ ಅದು ಗ್ರೌಂಡ್ ಲೂಪ್. ಎರಡೂ ಉಪಕರಣಗಳು ಮೂರು ಪಿನ್ ಪ್ಲಗ್ ಮೂಲಕ ಒಮ್ಮೆ, ಆಡಿಯೋ ಕೇಬಲ್ಲಿನ ಮೂಲಕ ಇನ್ನೊಮ್ಮೆ ಜೋಡಿಯಾಗಿ ಗ್ರೌಂಡು ಬಳೆಯಂತಾಗಿರುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಬಹುದು. ಆಗದಿದ್ದರೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದೆ. ಅರ್ತ್ ಪಿನ್ ಮುರಿಯುವ ಉಪಾಯ ಎಲ್ಲರ ಬಾಯಲ್ಲೂ ಇದೆ. ಲೋಹದ ಪೆಟ್ಟಿಗೆಗೆ ಕರೆಂಟು ತಗುಲಿದ ದಿನ ಅದು ಜೀವಕ್ಕೇ ಅಪಾಯ.

ಶೀಲ್ಡ್ ವೈರು ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನಲ್ಲ. ಅದಕ್ಕೆ ಮದ್ದು ದೂರ ಮತ್ತು ದಿಕ್ಕು. ಟ್ರಾನ್ಸ್‌ಫಾರ್ಮರನ್ನು ಸ್ಕ್ರೂ ಬಿಗಿಯುವ ಮೊದಲು ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಹಮ್ ತಟ್ಟನೆ ತಗ್ಗುತ್ತದೆ. ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಹೀಟರ್‌ಗೆ ಹೋಗುವ 6.3 ವೋಲ್ಟ್ ಎಸಿ ವೈರುಗಳನ್ನು ಹೊಸೆದು ಮೂಲೆಗುಂಟ ಒಯ್ಯುತ್ತಾರೆ. ಅದರ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದಾದ್ದರಿಂದ, ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ನೋಡಿಕೊಂಡೇ ಒಳಗೆ ಕೈ ಹಾಕಬೇಕು.