ತಕ್ಕಡಿಗೆ ಹಾಕುವ ಮುನ್ನ

ಲಕ್ಷ್ಮೀಪೂಜೆಯ ದಿನ ಕಳಶದ ಮುಂದೆ ಇಡಲೆಂದು ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಗಳನ್ನು ಹೊರತೆಗೆದು, ಹುಣಸೆಹಣ್ಣಿನಿಂದ ತಿಕ್ಕಿ, ಪೂಜೆ ಮುಗಿದ ಮೇಲೆ ಮತ್ತೆ ಪೆಟ್ಟಿಗೆಗೆ ಸೇರಿಸುವುದು ಎಷ್ಟೋ ಮನೆಗಳ ವಾಡಿಕೆ. ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹಣ ಬೇಕಾದಾಗ ಅವೇ ನಾಣ್ಯಗಳು ಸರಾಫರ ತಕ್ಕಡಿ ಏರುತ್ತವೆ. ಅಲ್ಲಿ ಎಲ್ಲಕ್ಕೂ ಒಂದೇ ಲೆಕ್ಕ, ತೂಕದ ಲೆಕ್ಕ. ಆದರೆ ಎಲ್ಲ ರೂಪಾಯಿಗಳೂ ಒಂದೇ ಅಲ್ಲ.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ತಂದಿತು. ಅದರ ತೂಕ ಸರಿಯಾಗಿ ಒಂದು ತೊಲ, ಎಂದರೆ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ರೂಪಾಯಿಯನ್ನೇ ತೂಕದ ಬೊಟ್ಟಾಗಿ ಬಳಸುತ್ತಿದ್ದುದು ಈ ಕಾರಣಕ್ಕೆ. ಎರಡನೆಯ ಮಹಾಯುದ್ಧ ಬಂದಾಗ ಈ ಲೆಕ್ಕ ತಪ್ಪಿತು. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. 1938ರ ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿಯಿದ್ದರೆ 1942ರದರಲ್ಲಿ ಇರುವುದು 5.8 ಗ್ರಾಂ ಮಾತ್ರ. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟದು.

ಹಾಗಾಗಿ ಮೊದಲು ನೋಡಬೇಕಾದದ್ದು ಇಸವಿ. ಆದರೆ ಇಸವಿಯೂ ಕೆಲವೊಮ್ಮೆ ಮೋಸಗೊಳಿಸುತ್ತದೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಅದೇ ಇಸವಿಯಲ್ಲಿ 1874ರವರೆಗೂ ಅಚ್ಚು ಹಾಕುತ್ತಿದ್ದರು. ಅದಕ್ಕೇ ಅದು ಧಾರಾಳವಾಗಿ ಸಿಗುತ್ತದೆ. ಹಳೆಯದೆಲ್ಲ ಅಪರೂಪವಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 1911ರ ರೂಪಾಯಿ. ಐದನೆಯ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊರಬಂದ ಈ ನಾಣ್ಯದಲ್ಲಿ ದೊರೆಯ ನಿಲುವಂಗಿಯ ಮೇಲೊಂದು ಪುಟ್ಟ ಆನೆಯಿತ್ತು. ಸೊಂಡಿಲು ಎಷ್ಟು ಮೋಟಾಗಿತ್ತೆಂದರೆ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು! ಮುಸ್ಲಿಮರ ಭಾವನೆಗೆ ನೋವಾಗಿ ಗದ್ದಲವೆದ್ದಿತು. ಸರ್ಕಾರ ನಾಣ್ಯಗಳನ್ನು ಹಿಂತೆಗೆದುಕೊಂಡು ಬಹುಪಾಲನ್ನು ಕರಗಿಸಿತು. 1912ರ ನಾಣ್ಯದಲ್ಲಿ ಸೊಂಡಿಲು, ಕಿವಿ ಸ್ಪಷ್ಟವಾದವು. ‘ಹಂದಿ ರೂಪಾಯಿ’ ಎಂದೇ ಹೆಸರಾದ ಉಳಿದವಕ್ಕೆ ಸಂಗ್ರಾಹಕರು ಇಂದಿಗೂ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುತ್ತಾರೆ.

ಇನ್ನೂ ದುರ್ಲಭವಾದದ್ದು ಆರನೆಯ ಜಾರ್ಜ್‌ನ 1939ರ ರೂಪಾಯಿ. ಬೇಡಿಕೆ ಇರುವಲ್ಲಿ ಕೈಚಳಕವೂ ಇರುತ್ತದೆ. 1938ರ ನಾಣ್ಯದ ಎಂಟನ್ನು ಕೆತ್ತಿ ಒಂಬತ್ತಾಗಿಸುವವರಿದ್ದಾರೆ. ಭೂತಗನ್ನಡಿಯಲ್ಲಿ ಕೊನೆಯ ಅಂಕಿಯ ಸುತ್ತ ಗೀರುಗಳಿವೆಯೇ ನೋಡಬೇಕು. ಎರಕ ಹೊಯ್ದ ನಕಲಿಯಾದರೆ ಮೈಮೇಲೆ ಸಣ್ಣ ಗುಳಿಗಳೂ ಅಂಚಿನಲ್ಲಿ ಬೆಸುಗೆಯ ಗೆರೆಯೂ ಕಾಣಬಹುದು. ತೂಕವೂ ಸಾಮಾನ್ಯವಾಗಿ ಹೊಂದುವುದಿಲ್ಲ.

ಕೊನೆಯದಾಗಿ ನಾಣ್ಯದ ಸ್ಥಿತಿ. ಕಿರೀಟದ ಕುಸುರಿ, ಕೂದಲೆಳೆ ಸವೆಯದೆ ಉಳಿದಷ್ಟೂ ಬೆಲೆ ಹೆಚ್ಚು. ಕಾಸಿನ ಸರಕ್ಕೆಂದು ಕೊಂಡಿ ಬೆಸೆದಿದ್ದರೆ, ತೂತು ಕೊರೆದಿದ್ದರೆ ಬೆಲೆ ಕುಸಿಯುತ್ತದೆ. ವಿಚಿತ್ರವೆಂದರೆ, ನಾವು ಭಕ್ತಿಯಿಂದ ಹಾಕುವ ಹುಣಸೆಹಣ್ಣೂ ನಾಣ್ಯಕ್ಕೆ ಶತ್ರುವೇ. ನೂರು ವರ್ಷಗಳಲ್ಲಿ ಕೂಡಿದ ಕಪ್ಪುಛಾಯೆಯನ್ನೇ ಸಂಗ್ರಾಹಕರು ಮೆಚ್ಚುತ್ತಾರೆ. ತಿಕ್ಕಿ ಹೊಳೆಸಿದ್ದನ್ನು ಅನುಮಾನಿಸುತ್ತಾರೆ.

ಮಾರುವುದು ತಪ್ಪೇನಲ್ಲ, ಕಷ್ಟಕ್ಕಾಗಲೆಂದೇ ಹಿರಿಯರು ಕೂಡಿಟ್ಟದ್ದು. ಆದರೆ ಮೂಸೆಗೆ ಬಿದ್ದ ನಾಣ್ಯ ಮತ್ತೆ ನಾಣ್ಯವಾಗದು. ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಇಸವಿ ಓದಿ ನೋಡಿ.