ದ್ರೋಹಘರಟ್ಟ ಜಿನಾಲಯ

ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಹೆಸರನ್ನು ಚರಿತ್ರಕಾರರು ತಲಕಾಡಿನ ವಿಜಯದೊಡನೆಯೇ ಸಾಮಾನ್ಯವಾಗಿ ಸೇರಿಸಿ ಹೇಳುವರು. ಆದರೆ ಆತನೂ ಆತನ ಮನೆಯವರೂ ಕಲ್ಲಿನಲ್ಲಿ ಬಿಟ್ಟುಹೋದುದನ್ನು ಒಟ್ಟಿಗೆ ಓದಿದರೆ, ತಮ್ಮವರನ್ನು ಮರೆಯಲೊಲ್ಲದ ಒಂದು ಕುಟುಂಬದ ಕಥೆಯೇ ದೊರೆಯುವುದು.

ಗಂಗರಾಜನು ಏಚಿರಾಜ ಮತ್ತು ಪೋಚಿಕಬ್ಬೆಯರ ಮಗನು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕತ್ತಲೆ ಬಸದಿಯನ್ನು ಆತನು ತಾಯಿಗಾಗಿಯೇ ಕಟ್ಟಿಸಿದನು. ಕ್ರಿ. ಶ. 1121ರಲ್ಲಿ ಆಕೆ ಪಂಚಪದಗಳನ್ನು ಉಚ್ಚರಿಸುತ್ತ ಸಮಾಧಿಮರಣವನ್ನು ಹೊಂದಲು, ಮಗನು ಅಲ್ಲಿಯೇ ನಿಸಿಧಿಯನ್ನು ನಿಲ್ಲಿಸಿದನು. ಆಕೆ ಅನೇಕ ಚೈತ್ಯಾಲಯಗಳನ್ನು ಮಾಡಿಸಿದ ಸಂಗತಿಯನ್ನು ಆ ಶಾಸನವು ಹೇಳುವುದು. ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದ ಪತ್ನಿ ಲಕ್ಷ್ಮಿಯು ತೀರಿಕೊಂಡಾಗಲೂ ಆತನು ಹಾಗೆಯೇ ನಿಸಿಧಿಯನ್ನು ಮಾಡಿಸಿದನು. ಈ ಕಲ್ಲುಗಳಲ್ಲಿ ಸ್ತುತಿಯಿದೆ, ನಿಜ. ಆದರೆ ಸತ್ತವರು ಮಾಡಿದ ಕೆಲಸವನ್ನು ಹೆಸರಿಸುವುದೇ ಆ ಸ್ತುತಿಯ ತಿರುಳು.

ಗಂಗರಾಜನು ಕಾಲವಾದ ಬಳಿಕ ಈ ಋಣವು ಮಗನಾದ ಬೊಪ್ಪನ ಪಾಲಿಗೆ ಬಂದಿತು. ಆತನು ತಂದೆಯ ನೆನಪಿಗಾಗಿ ರಾಜಧಾನಿಯಾದ ದೋರಸಮುದ್ರದಲ್ಲಿ, ಎಂದರೆ ಈಗಿನ ಹಳೇಬೀಡಿನಲ್ಲಿ, ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿ, ಕ್ರಿ. ಶ. 1133ರಲ್ಲಿ ಪ್ರತಿಷ್ಠೆ ಮಾಡಿಸಿದನು. ತಂದೆಯ ಬಿರುದಿನಿಂದಲೇ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು. ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂಬುದು ಆ ಬಿರುದಿನ ಅರ್ಥ.

ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಕೊಂಡೊಯ್ದರು. ಆಗತಾನೆ ಅರಸನಿಗೆ ಯುದ್ಧದಲ್ಲಿ ಜಯವಾಗಿತ್ತು. ರಾಣಿ ಲಕ್ಷ್ಮಾದೇವಿಯು ಪುತ್ರನನ್ನು ಹೆತ್ತಿದ್ದಳು. ಇವೆರಡೂ ಆ ಪ್ರತಿಷ್ಠೆಯ ಫಲವೆಂದು ಹರ್ಷಗೊಂಡ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ದತ್ತಿಯಾಗಿ ಕೊಟ್ಟನು.

ಮಗನ ಶೋಕದಿಂದ ಹುಟ್ಟಿದ ಗುಡಿಗೆ ಅರಸನ ಸಂತೋಷದ ಹೆಸರು ಹೀಗೆ ಬಂದಿತು. ಇದರಿಂದ ಬೊಪ್ಪನ ಸಂಕಲ್ಪವು ಅಳಿಯಿತೆನ್ನಲಾಗದು. ರಾಜಾನುಗ್ರಹದಿಂದ ಪೂಜೆಗೆ ವೃತ್ತಿಯು ದೊರೆಯಿತು. ಸ್ಮಾರಕವು ನಿಲ್ಲಲು ಅದೂ ಬೇಕು. ಆದರೆ ವಿಜಯಪಾರ್ಶ್ವನೆಂಬ ಹೆಸರೊಂದೇ ಉಳಿದಿದ್ದರೆ, ನಾವು ಇದನ್ನು ಜಯಸ್ತಂಭದಂತಹ ಕಟ್ಟಡವೆಂದೇ ತಿಳಿಯುತ್ತಿದ್ದೆವು. ಶಾಸನಕಾರನು ಅರಸನ ಮಾತಿನ ಜೊತೆಗೆ ಮಗನ ಉದ್ದೇಶವನ್ನೂ ಬಿಡದೆ ಬರೆದನು. ಶಾಸನಗಳಲ್ಲಿ ರಾಜರ ತೇದಿಗಳನ್ನು ಹುಡುಕುವವರು ಈ ಎರಡನೆಯ ಧ್ವನಿಗೂ ಕಿವಿಗೊಡಬೇಕು. ಗಂಗರಾಜನು ಒಬ್ಬ ತಂದೆಯಾಗಿ ಬದುಕಿರುವುದು ಅಲ್ಲಿಯೇ.