ಅಪ್ಪನ ಬೈಗುಳ, ಮಗನ ಮೈ: ‘ಇನ್ವಿನ್ಸಿಬಲ್’ನ ಒಂದು ಕಂತು, ಬಭ್ರುವಾಹನ ಮತ್ತು ಹೆಬ್ಬಾಳದ ಒಂದು ಕಲ್ಲು

‘ಇನ್ವಿನ್ಸಿಬಲ್’ ಅನಿಮೇಷನ್ ಸರಣಿಯ ಮೊದಲ ಆವೃತ್ತಿಯ ಎಂಟನೆಯ ಹಾಗೂ ಕಡೆಯ ಕಂತು ಪ್ರೈಮ್ ವಿಡಿಯೋದಲ್ಲಿ ಬಂದದ್ದು 2021ರ ಏಪ್ರಿಲ್ 30ರಂದು. ರಾಬರ್ಟ್ ಕರ್ಕ್‌ಮನ್ ಮತ್ತು ಕೋರಿ ವಾಕರ್ 2003ರಲ್ಲಿ ಶುರುಮಾಡಿದ ಕಾಮಿಕ್ಸ್ ಅದರ ಮೂಲ. ನೆತ್ತರು ಹೆಚ್ಚಿರುವುದರಿಂದ ಅದು ದೊಡ್ಡವರ ಕಾರ್ಟೂನು ಎಂದು ಹೇಳುವುದುಂಟು. ನೆತ್ತರಿಗೆ ನಮ್ಮ ಯುದ್ಧವರ್ಣನೆಗಳಲ್ಲೇನೂ ಬರವಿಲ್ಲ. ಈ ಕಂತು ವಯಸ್ಕರದ್ದಾಗುವುದು ಬೇರೆ ಕಾರಣಕ್ಕೆ ಎಂಬುದು ಇಲ್ಲಿನ ವಾದ.

ಭೂಮಿಯ ರಕ್ಷಕನೆಂದು ಎಲ್ಲರೂ ನಂಬಿದ್ದ ನೋಲನ್, ತಾನು ವಿಲ್ಟ್ರಮ್ ಸಾಮ್ರಾಜ್ಯಕ್ಕಾಗಿ ಈ ನೆಲವನ್ನು ವಶಪಡಿಸಿಕೊಳ್ಳಲು ಬಂದವನು ಎಂದು ಮಗ ಮಾರ್ಕ್‌ಗೆ ಹೇಳುತ್ತಾನೆ. ಮಗ ಒಪ್ಪುವುದಿಲ್ಲ. ಆಗ ಅಪ್ಪ ಹೆಂಡತಿ ಡೆಬಿಯನ್ನು ಸಾಕುಪ್ರಾಣಿಗೆ ಹೋಲಿಸುತ್ತಾನೆ. ದೂರದ ಪರದೆಯೊಂದರಲ್ಲಿ ಆಕೆ ಅದನ್ನು ನೋಡುತ್ತಿದ್ದಾಳೆ.

ಕನ್ನಡದ ಓದುಗರಿಗೆ ಈ ಜಗಳ ಹೊಸದಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ, ತಾಯಿ ಚಿತ್ರಾಂಗದೆಯ ಮಾತಿನಂತೆ ಬಭ್ರುವಾಹನ ಯಜ್ಞದ ಕುದುರೆಯನ್ನು ಒಪ್ಪಿಸಿ ಅರ್ಜುನನ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದೆಯುತ್ತಾನೆ, ಹುಟ್ಟನ್ನೇ ಶಂಕಿಸುತ್ತಾನೆ. ವ್ಯಾಸಭಾರತದಲ್ಲಿ ಅರ್ಜುನನ ಸಿಟ್ಟು ಮಗ ಕ್ಷತ್ರಿಯನಂತೆ ಎದುರು ನಿಲ್ಲಲಿಲ್ಲವೆಂಬುದಕ್ಕೆ; ಜೈಮಿನಿಯ ದಾರಿಯಲ್ಲಿ ಅದು ತಾಯಿಯ ಶೀಲದ ಮೇಲೆ ಬೀಳುತ್ತದೆ. ಈ ತಿರುವಿನಿಂದಲೇ ಪ್ರಸಂಗಕ್ಕೆ ಯಕ್ಷಗಾನದಲ್ಲೂ ಸಿನಿಮಾದಲ್ಲೂ ಅಷ್ಟು ಕಾವು ಬಂದಿತೆಂದು ನನ್ನ ಎಣಿಕೆ. 1977ರ ‘ಬಭ್ರುವಾಹನ’ದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಎರಡೂ ಪಾತ್ರಗಳನ್ನು ರಾಜ್‌ಕುಮಾರ್ ಅವರಿಗೇ ಕೊಟ್ಟರು. ಅಪ್ಪ ಅಲ್ಲಗಳೆಯುವ ಸಂಬಂಧಕ್ಕೆ ಮುಖವೇ ಸಾಕ್ಷಿ! ಅನಿಮೇಷನ್ ಇದಕ್ಕೆ ತದ್ವಿರುದ್ಧ: ಅಪ್ಪ ಸಂಬಂಧವನ್ನು ಒಪ್ಪಿಕೊಂಡೇ ಹೊಡೆಯುತ್ತಾನೆ, ಮಗನ ಮುಖ ಊದಿ ಗುರುತು ಸಿಗದಂತಾಗುತ್ತದೆ.

ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಬಭ್ರುವಾಹನನ ಮಣಿಪುರದಲ್ಲಿ ಸಾಯುವವನು ಅಪ್ಪ. ಪಾತಾಳದ ಮಣಿ ಬಂದು, ಕೃಷ್ಣ ಬಂದು, ಅರ್ಜುನನೂ ಅವನೊಡನೆ ಮಡಿದ ಕರ್ಣನ ಮಗ ವೃಷಕೇತುವೂ ಎದ್ದು ಕೂರುತ್ತಾರೆ. ನೋಲನ್ ಮತ್ತು ಮಾರ್ಕ್ ಹೊಡೆದಾಡುವ ಷಿಕಾಗೊದಲ್ಲಿ ಇಬ್ಬರೂ ಸಾಯುವುದಿಲ್ಲ. ಸುರಂಗದಲ್ಲಿ ಬರುತ್ತಿರುವ ರೈಲಿಗೆ ಅಪ್ಪ ಮಗನ ದೇಹವನ್ನು ಅಡ್ಡಹಿಡಿಯುತ್ತಾನೆ. ರೈಲು ಸೀಳಿಹೋಗುತ್ತದೆ, ಬೋಗಿಗಳಲ್ಲಿದ್ದವರು ಸಾಯುತ್ತಾರೆ, ಮಾರ್ಕ್‌ನ ಮೈ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಗೆಲ್ಲಲಾಗದ ಮೈ ಎಂಬ ಶೀರ್ಷಿಕೆಯ ಹೆಮ್ಮೆ ಇಲ್ಲಿ ಶಿಕ್ಷೆಯಾಗುತ್ತದೆ: ಕೊಲ್ಲುವ ಆಯುಧ ಅವನೇ, ಇಚ್ಛೆ ಮಾತ್ರ ಅವನದಲ್ಲ. ರೈಲಿನಲ್ಲಿ ಸತ್ತವರನ್ನು ಎಬ್ಬಿಸಲು ಮಣಿಯಿಲ್ಲ. 2023ರ ನವೆಂಬರ್‌ನಲ್ಲಿ ಆರಂಭವಾದ ಎರಡನೆಯ ಆವೃತ್ತಿಯಲ್ಲಿ ಡೆಬಿಯ ದುಃಖ ಮನೆಯೊಳಗೆ ಹಾಗೇ ಕೂತಿರುತ್ತದೆ.

ಉತ್ತರ ಬೆಂಗಳೂರಿನಲ್ಲಿ ಕೂತು ಇದನ್ನು ನೋಡುವವರ ನೆರೆಯಲ್ಲೇ ಇನ್ನೊಂದು ವೀರಚಿತ್ರವಿದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ವೀರಗಲ್ಲು ಅದು. ಪೆರ್ಬೊಳಲ್ ನಾಡಿನಲ್ಲಿ ಹೋರಾಡಿ ಮಡಿದ ಕಿತ್ತಯ್ಯನನ್ನು ಅದು ನೆನೆಯುತ್ತದೆ. ಆ ಪೆರ್ಬೊಳಲೇ ಪಕಾರ ಹಕಾರವಾಗಿ ಇಂದಿನ ಹೆಬ್ಬಾಳ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಈ ಕಲ್ಲಿನ 3ಡಿ ಸ್ಕ್ಯಾನ್ ಕೂಡ ಆಗಿದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಲೋಕ ಎಂದು ಹಂತಹಂತವಾಗಿ ಕೊರೆದ ನಂತರದ ಕಾಲದ ವೀರಗಲ್ಲುಗಳನ್ನು ಕಾಮಿಕ್ಸಿನ ಹಿರಿಯರೆನ್ನುವುದು ಆಕರ್ಷಕ ಮಾತು. ನಾನು ಅಷ್ಟು ದೂರ ಹೋಗಲಾರೆ. ನನಗೆ ಬೇಕಾದದ್ದು ಒಂದೇ. ಹೆಬ್ಬಾಳದ ಕಲ್ಲಿನ ಲೆಕ್ಕದಲ್ಲಿ ವೀರನೆಂದರೆ ಸತ್ತವನು. ಊರು ಉಳಿಯಲೆಂದು ಅವನ ಮೈ ಹೋಯಿತು, ಆದ್ದರಿಂದ ಹೆಸರು ಕಲ್ಲಿಗೆ ಬಂತು. ‘ಇನ್ವಿನ್ಸಿಬಲ್’ನಲ್ಲಿ ಮೈ ಉಳಿದು ಊರು ಹೋಗುತ್ತದೆ. ರೈಲಿನೊಳಗಿದ್ದವರ ಹೆಸರನ್ನು ಕಂತು ಹೇಳುವುದಿಲ್ಲ, ಮುಖಗಳನ್ನು ಮಾತ್ರ ಒಂದು ಕ್ಷಣ ತೋರಿಸುತ್ತದೆ.